ಮಾತ್ರೆಯೋ ಅಬ್ಲೇಷನ್ನೋ: ತಾಳ ತಪ್ಪಿದ ಹೃದಯಕ್ಕೆ ಯಾವ ಚಿಕಿತ್ಸೆ

ಹೃದಯದ ಬಡಿತ ತಾಳ ತಪ್ಪುತ್ತಿದೆ, ಅಬ್ಲೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮಾತ್ರೆಯಲ್ಲೇ ಕಾಲ ತಳ್ಳಬಹುದೋ, ತೊಡೆಸಂದಿನಿಂದ ಹೃದಯಕ್ಕೆ ತಂತಿ ಹಾಯಿಸಿಕೊಳ್ಳಲೇಬೇಕೋ? ಪ್ರಶ್ನೆ ಸಹಜವೇ, ಆದರೆ ಅದನ್ನು ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ತಾಳ ಕೆಡಿಸುವ ಅಂಗಾಂಶವನ್ನು ಆ ತಂತಿಯ ತುದಿಯಿಂದ ನಾಶಮಾಡುವುದೇ ಅಬ್ಲೇಷನ್; ಆ ಒಂದೇ ಹೆಸರಿನ ಕೆಳಗೆ ತೀರ ಭಿನ್ನವಾದ ಎರಡು ವ್ಯವಹಾರಗಳಿವೆ. ಒಂದರಲ್ಲಿ, ಹೃದಯದ ವಿದ್ಯುತ್ ಹರಿವಿನಲ್ಲಿರುವ ಸಣ್ಣದೊಂದು ಒಳದಾರಿಯನ್ನು ಮುಚ್ಚಿದರೆ ಕಾಯಿಲೆ ಬಹುಮಟ್ಟಿಗೆ ಮುಗಿದೇ ಹೋಗುತ್ತದೆ. ಇನ್ನೊಂದರಲ್ಲಿ, ವರ್ಷಗಟ್ಟಲೆ ಒತ್ತಡ ತಿಂದು ಸವೆದ ಹೃತ್ಕರ್ಣದ, ಅಂದರೆ ಹೃದಯದ ಮೇಲಿನ ಕೋಣೆಯ, ಗೋಡೆಯಲ್ಲಿ ಏಳುವ ಗೊಂದಲಕ್ಕೆ ಬೇಲಿ ಹಾಕಲಾಗುತ್ತದೆ. ಗೊಂದಲ ಬೇಲಿ ಹಾರುವುದೂ ಉಂಟು, ಬೇಲಿಯನ್ನು ಮತ್ತೆ ಕಟ್ಟಬೇಕಾಗುವುದೂ ಉಂಟು. ಎದುರು ಮನೆಯವರಿಗೆ ಒಂದೇ ಸಲಕ್ಕೆ ವಾಸಿಯಾಯಿತಂತೆ, ಭಾವನಿಗೆ ಎರಡು ಸಲ ಮಾಡಿಸಿದರೂ ಮಾತ್ರೆ ತಪ್ಪಲಿಲ್ಲವಂತೆ ಎಂಬ ಎರಡು ಮಾತುಗಳೂ ನಿಜವಾಗಿರಬಹುದು, ಏಕೆಂದರೆ ಅವರಿಬ್ಬರ ಕಾಯಿಲೆ ಬೇರೆ ಬೇರೆ.

ಮೊದಲು ಕಾಯಿಲೆಯ ಹೆಸರು

ನನ್ನ ತಾಯಿಗೆ ನಲವತ್ತರ ಆಸುಪಾಸಿನಲ್ಲಿ ಶುರುವಾದ ಎದೆ ಡವಡವಕ್ಕೆ ಒಂದು ಹೆಸರು ಸಿಗಲು ಒಂಬತ್ತು ವರ್ಷ ಹಿಡಿಯಿತು. ಇದ್ದಕ್ಕಿದ್ದಂತೆ ಬಡಿತ ಓಡತೊಡಗುತ್ತಿತ್ತು, ಕತ್ತಿನ ನರ ಕುಣಿಯುತ್ತಿತ್ತು, ಹತ್ತಿಪ್ಪತ್ತು ನಿಮಿಷ ಕಳೆದು ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತಿತ್ತು. ಆಸ್ಪತ್ರೆಗೆ ಹೋಗಿ ಸರದಿಯಲ್ಲಿ ಕೂತು ಇಸಿಜಿ ತೆಗೆಸುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಗ್ಯಾಸ್ಟ್ರಿಕ್ ಎಂದರು, ಆತಂಕ ಎಂದರು, ಒಬ್ಬರು ನಿದ್ದೆಯ ಮಾತ್ರೆಯನ್ನೂ ಬರೆದುಕೊಟ್ಟರು. ಕೊನೆಗೆ ಹಬ್ಬದ ದಿನ ಮನೆಯಲ್ಲಿ ಶುರುವಾದದ್ದು ನಿಲ್ಲದೆ ಹೋದಾಗ, ಬೀದಿಯ ತುದಿಯಲ್ಲಿದ್ದ ಸಣ್ಣ ನರ್ಸಿಂಗ್ ಹೋಮಿನಲ್ಲಿ ತೆಗೆದ ಇಸಿಜಿಯಲ್ಲಿ ನಿಮಿಷಕ್ಕೆ 186ರ ವೇಗದಲ್ಲಿ, ಪೋಣಿಸಿಟ್ಟ ಮಣಿಗಳಂತೆ ಸಮನಾದ ಅಂತರದಲ್ಲಿ ಬಡಿತಗಳು ಮೂಡಿದವು. ಆ ಒಂದು ಹಾಳೆ ಒಂಬತ್ತು ವರ್ಷದ ಊಹಾಪೋಹಗಳನ್ನು ಬದಿಗೆ ಸರಿಸಿತು.

ಆದ್ದರಿಂದ ಚಿಕಿತ್ಸೆಗಳನ್ನು ಹೋಲಿಸುವ ಮುನ್ನ ಮಾಡಬೇಕಾದ ಕೆಲಸವೆಂದರೆ, ತೊಂದರೆ ಕಾಣಿಸಿಕೊಂಡಿರುವಾಗಲೇ ಹನ್ನೆರಡು ಲೀಡಿನ ಇಸಿಜಿಯನ್ನು ಹಿಡಿಯುವುದು. ದಿನವೂ ಬರುವ ತೊಂದರೆಯಾದರೆ 24 ಗಂಟೆ ಮೈಗೆ ಕಟ್ಟಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಸಾಕಾಗಬಹುದು. ತಿಂಗಳಿಗೊಮ್ಮೆ ಬರುವುದಕ್ಕೆ ಹೋಲ್ಟರ್ ಕಟ್ಟಿಕೊಂಡರೆ ಹಣ ಖರ್ಚಾಗುತ್ತದೆಯೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ, ಅಂಥವರಿಗೆ ವಾರಗಟ್ಟಲೆ ಅಂಟಿಸಿಕೊಳ್ಳುವ ಪ್ಯಾಚ್ ಅಥವಾ ಚರ್ಮದಡಿಯ ಲೂಪ್ ರೆಕಾರ್ಡರ್ ಬೇಕಾಗುತ್ತದೆ. ಇಸಿಜಿ ಸೌಲಭ್ಯವಿರುವ ಸ್ಮಾರ್ಟ್ ವಾಚುಗಳು ಕೊಡುವ ಒಂದೇ ಲೀಡಿನ ಗೆರೆ ಪೂರ್ಣ ಉತ್ತರವಲ್ಲದಿದ್ದರೂ, ವೈದ್ಯರ ಮೇಜಿನ ಮೇಲೆ ಬರಿಯ ವಿವರಣೆಗಿಂತ ಅದಕ್ಕೆ ತೂಕ ಹೆಚ್ಚು. ಯಂತ್ರ ಯಾವುದೂ ಇಲ್ಲದಾಗ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನೋಡಬಹುದು: ವೇಗವಾಗಿದ್ದರೂ ಲಯಬದ್ಧವಾಗಿದೆಯೇ, ಅಥವಾ ಒಂದಕ್ಕೊಂದು ಸಂಬಂಧವಿಲ್ಲದಂತೆ ಚದುರಿ ಬೀಳುತ್ತಿದೆಯೇ? ಲಯಬದ್ಧ ಓಟ ಎಸ್‌ವಿಟಿಯ (ಹೃದಯದ ಮೇಲ್ಭಾಗದಿಂದ ಏಳುವ ವೇಗದ ಬಡಿತದ) ಕಡೆಗೆ ಬೆರಳು ಮಾಡುತ್ತದೆ, ಚದುರಿದ ಬಡಿತ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್ ಕಡೆಗೆ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಈ ಹಂತದಲ್ಲೇ ಮುಗಿಸಬೇಕು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದು ಎದೆ ಹೊಡೆದುಕೊಳ್ಳುತ್ತಿರುವವರಿಗೆ ಬೇಕಾದದ್ದು ಹೃದಯಕ್ಕೆ ಹಾಯಿಸುವ ಕ್ಯಾಥೆಟರ್ ಎಂಬ ತಂತಿಯಲ್ಲ, ಕಬ್ಬಿಣದ ಅಂಶ.

ಎಸ್‌ವಿಟಿ: ಅಬ್ಲೇಷನ್ನಿನ ತೂಕ ಹೆಚ್ಚಿರುವ ಕಡೆ

ಇದ್ದಕ್ಕಿದ್ದಂತೆ ಶುರುವಾಗಿ ಇದ್ದಕ್ಕಿದ್ದಂತೆ ನಿಲ್ಲುವ ಎಸ್‌ವಿಟಿಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಎವಿಎನ್‌ಆರ್‌ಟಿ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ತನ್ನು ದಾಟಿಸುವ ಎವಿ ನೋಡ್ ಬಳಿ ಕೆಲವರಿಗೆ ಒಂದರ ಬದಲು ಎರಡು ದಾರಿಗಳಿರುತ್ತವೆ, ಒಂದು ವೇಗದ್ದು, ಒಂದು ನಿಧಾನದ್ದು. ಒಂದು ಅಕಾಲಿಕ ಬಡಿತ ಸರಿಯಾದ ಗಳಿಗೆಯಲ್ಲಿ ಬಿದ್ದರೆ ವಿದ್ಯುತ್ತು ನಿಧಾನದ ದಾರಿಯಲ್ಲಿ ಇಳಿದು ವೇಗದ ದಾರಿಯಲ್ಲಿ ಹತ್ತಿ, ಗಾಣದೆತ್ತಿನಂತೆ ಅಲ್ಲೇ ಸುತ್ತತೊಡಗುತ್ತದೆ. ಮಹಿಳೆಯರಲ್ಲಿ ಇದು ಹೆಚ್ಚು, ಅವರಲ್ಲೇ ಇದನ್ನು ಆತಂಕವೆಂದು ತಳ್ಳಿಹಾಕುವುದೂ ಹೆಚ್ಚು.

ಇಲ್ಲಿರುವ ಆಯ್ಕೆಗಳು ಮೂರು. ಮೊದಲನೆಯದು, ಚಿಕಿತ್ಸೆಯೇ ಇಲ್ಲದೆ, ಬಂದಾಗ ನಿಲ್ಲಿಸುವ ಉಪಾಯವೊಂದನ್ನು ಕಲಿತುಕೊಂಡು ಇರುವುದು. ವರ್ಷಕ್ಕೊಮ್ಮೆ ಬಂದು ಹತ್ತು ನಿಮಿಷದಲ್ಲಿ ಹೋಗುವ ತೊಂದರೆಗೆ, ಹೃದಯ ಉಳಿದಂತೆ ಆರೋಗ್ಯವಾಗಿದ್ದರೆ, ಇದು ತೀರ ಗೌರವಯುತವಾದ ಆಯ್ಕೆ. ಉಪಾಯ ಹೀಗಿದೆ: ಅರ್ಧ ಒರಗಿ ಕುಳಿತು, 10 ಮಿಲಿಲೀಟರಿನ ಸಿರಿಂಜಿನ ತುದಿಯನ್ನು ಬಾಯಲ್ಲಿಟ್ಟು ಒಳಗಿನ ದಂಡ ಸರಿಯುವಷ್ಟು ಬಲವಾಗಿ ಹದಿನೈದು ಸೆಕೆಂಡು ಊದಬೇಕು, ಊದಿದ ತಕ್ಷಣ ಅಂಗಾತ ಮಲಗಿಸಿ ಇನ್ನೊಬ್ಬರು ಎರಡೂ ಕಾಲನ್ನು ಹದಿನೈದು ಸೆಕೆಂಡು ಮೇಲೆತ್ತಿ ಹಿಡಿಯಬೇಕು. 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ರಿವರ್ಟ್ ಅಧ್ಯಯನದಲ್ಲಿ ಕಾಲೆತ್ತುವ ಈ ವಿಧಾನದಿಂದ ನೂರರಲ್ಲಿ 43 ಜನರ ಬಡಿತ ಸರಿಹೋಯಿತು. ಬರಿಯ ಊದುವಿಕೆಯಿಂದ ಸರಿಹೋದದ್ದು 17 ಜನರದು. ಐದು ರೂಪಾಯಿಯ ಸಿರಿಂಜು ಹೃದ್ರೋಗ ಶಾಸ್ತ್ರದಲ್ಲಿ ಇಷ್ಟು ಕೆಲಸ ಮಾಡುವುದು ನನಗೆ ಈಗಲೂ ಸೋಜಿಗ. ವಯಸ್ಸಾದವರೂ ಹೃದಯದ ಬೇರೆ ಕಾಯಿಲೆ ಇರುವವರೂ ವೈದ್ಯರಿಂದ ಕಲಿಯದೆ ಇದನ್ನು ಪ್ರಯೋಗಿಸಬಾರದು.

ಎರಡನೆಯದು ದಿನವೂ ಮಾತ್ರೆ: ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಅಥವಾ ವೆರಪಮಿಲ್. ಇವು ಅಗ್ಗ, ಹಳೆಯವು, ಪರಿಚಿತವಾದವು. ಆದರೆ ಇವು ಒಳದಾರಿಯನ್ನು ಮುಚ್ಚುವುದಿಲ್ಲ, ಅದರಲ್ಲಿ ಓಡಾಟ ಕಡಿಮೆ ಮಾಡುತ್ತವೆ ಅಷ್ಟೇ. ಮೂವತ್ತರ ವಯಸ್ಸಿನವರು ಮುಂದಿನ ನಲವತ್ತು ವರ್ಷ ದಿನವೂ ಮಾತ್ರೆ ನುಂಗಿ, ಸುಸ್ತು, ಮಂಕು, ಇಳಿದ ರಕ್ತದೊತ್ತಡವನ್ನು ಸಹಿಸಿ, ಆದರೂ ಆಗೊಮ್ಮೆ ಈಗೊಮ್ಮೆ ತುರ್ತು ವಿಭಾಗಕ್ಕೆ ಓಡುವುದು ಲಾಭದ ಲೆಕ್ಕವಾಗಿ ನನಗೆ ಕಾಣುವುದಿಲ್ಲ.

ಮೂರನೆಯದು ಅಬ್ಲೇಷನ್. ಎವಿಎನ್‌ಆರ್‌ಟಿಯಲ್ಲಿ ಅದರ ಯಶಸ್ಸು ನೂರಕ್ಕೆ 95ಕ್ಕಿಂತ ಹೆಚ್ಚು, ಮರಳಿ ಬರುವುದು ನೂರರಲ್ಲಿ ಕೆಲವೇ ಜನರಿಗೆ. ತೆರಬೇಕಾದ ಬೆಲೆಯೂ ಇದೆ: ನಿಧಾನದ ದಾರಿಯನ್ನು ಸುಡುವಾಗ ಪಕ್ಕದ ಮುಖ್ಯ ದಾರಿಗೇ ಪೆಟ್ಟಾದರೆ ಜೀವನಪರ್ಯಂತ ಪೇಸ್‌ಮೇಕರ್ ಬೇಕಾಗುತ್ತದೆ. ಅನುಭವಿ ಕೈಗಳಲ್ಲಿ ಇದು ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ, ಮತ್ತು ಇಪ್ಪತ್ತೈದು ವರ್ಷದವರಿಗೆ ಆ ಒಂದರ ತೂಕ ಎಪ್ಪತ್ತು ವರ್ಷದವರಿಗಿಂತ ಹೆಚ್ಚು. ಮಕ್ಕಳಲ್ಲಿ ಅಥವಾ ಸುಡಬೇಕಾದ ಜಾಗ ಮುಖ್ಯ ದಾರಿಗೆ ತೀರ ಹತ್ತಿರವಿದ್ದಾಗ ಕೆಲವು ವೈದ್ಯರು ಶಾಖದ ಬದಲು ಶೀತವನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ: ಮೊದಲು ಸ್ವಲ್ಪವೇ ತಣ್ಣಗಾಗಿಸಿ ನೋಡಿ, ತಪ್ಪು ಜಾಗವೆಂದು ಕಂಡರೆ ಹಾಗೇ ಬಿಸಿಯಾಗಲು ಬಿಟ್ಟುಬಿಡಬಹುದು. ಅದರ ಕೊರತೆಯೆಂದರೆ ತೊಂದರೆ ಮರುಕಳಿಸುವ ಸಾಧ್ಯತೆ ಶಾಖದ ವಿಧಾನಕ್ಕಿಂತ ಹೆಚ್ಚು.

ಒಳಗೆ ನಡೆಯುವುದೇನು ಎಂದು ತಿಳಿದಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ತಾಯಿಗೆ ತೊಡೆಸಂದಿನಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಲಿನ ಅಭಿಧಮನಿಯ ಮೂಲಕ ಮೂರು ತಂತಿಗಳನ್ನು ಹೃದಯಕ್ಕೆ ತಲುಪಿಸಿದರು. ಎದೆ ಕೊಯ್ಯಲಿಲ್ಲ, ಪೂರ್ತಿ ಅರಿವಳಿಕೆಯನ್ನೂ ಕೊಡಲಿಲ್ಲ. ಆಮೇಲೆ ತಂತಿಯಿಂದಲೇ ಸಣ್ಣ ಮಿಡಿತಗಳನ್ನು ಕೊಟ್ಟು ಬೇಕೆಂದೇ ಆ ಓಟವನ್ನು ಎಬ್ಬಿಸಿದರು. "ಇದೇನಾ ನಿಮಗೆ ಬರ್ತಿದ್ದದ್ದು?" ಎಂದು ಕೇಳಿದಾಗ ತಾಯಿ "ಇದೇ, ಇದೇ" ಎಂದರಂತೆ, ಒಂಬತ್ತು ವರ್ಷದಿಂದ ಯಾರೂ ನಂಬದ ಮಾತಿಗೆ ಸಾಕ್ಷಿ ಸಿಕ್ಕ ಸಮಾಧಾನದಲ್ಲಿ. ಓಟ ಎಲ್ಲಿ ಸುತ್ತುತ್ತಿದೆ ಎಂದು ಪತ್ತೆಯಾದ ಮೇಲೆ ತಂತಿಯ ತುದಿಯಿಂದ ರೇಡಿಯೋ ತರಂಗದ ಶಾಖ ಕೊಟ್ಟರು. ಐವತ್ತು ಡಿಗ್ರಿ ದಾಟಿದ ಶಾಖದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಅಂಗಾಂಶ ಕಲೆಯಾಗುತ್ತದೆ, ಕಲೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಸುಟ್ಟದ್ದು ಒಂದು ನಿಮಿಷ, ಆಮೇಲೆ ಕಾದದ್ದು ಅರ್ಧ ಗಂಟೆ: ಔಷಧಿ ಹಾಕಿ ಮತ್ತೆ ಮತ್ತೆ ಎಬ್ಬಿಸಲು ನೋಡಿದರೂ ಓಟ ಏಳದಿದ್ದಾಗಲೇ ತಂತಿ ಹೊರತೆಗೆದರು. ಆ ಸಂಜೆ ಅವರು ದೂರಿದ್ದು ಹೃದಯದ ಬಗ್ಗೆ ಅಲ್ಲ, ಆರು ಗಂಟೆ ಕಾಲು ಮಡಚದೆ ಮಲಗಬೇಕಾದ ಬೆನ್ನುನೋವಿನ ಬಗ್ಗೆ.

ಎಸ್‌ವಿಟಿಯ ಒಂದು ಬಗೆಯಲ್ಲಿ ಮಾತ್ರ "ಸುಮ್ಮನಿರೋಣ" ಎಂಬ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಎಂಬ ವೈದ್ಯರು 1930ರಲ್ಲಿ ವರ್ಣಿಸಿದ ಡಬ್ಲ್ಯೂಪಿಡಬ್ಲ್ಯೂ ಎಂಬ ಸ್ಥಿತಿಯಲ್ಲಿ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಎವಿ ನೋಡನ್ನು ತಪ್ಪಿಸುವ ಕಳ್ಳದಾರಿಯೊಂದು ಹುಟ್ಟಿನಿಂದಲೇ ಇರುತ್ತದೆ. ಇಂಥವರಿಗೆ ಎಎಫ್ ಬಂದರೆ, ಮೇಲಿನ ಕೋಣೆಯ ನೂರಾರು ಮಿಡಿತಗಳು ತಡೆಯಿಲ್ಲದೆ ಕೆಳಗಿಳಿದು, ಅಪರೂಪಕ್ಕಾದರೂ, ಹಠಾತ್ ಸಾವಿಗೆ ಕಾರಣವಾಗಬಹುದು. ಎವಿ ನೋಡನ್ನು ನಿಧಾನಿಸುವ ವೆರಪಮಿಲ್, ಡಿಗಾಕ್ಸಿನ್ ಮುಂತಾದ ಔಷಧಿಗಳು ಆ ಸನ್ನಿವೇಶದಲ್ಲಿ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಇಸಿಜಿಯಲ್ಲಿ ಈ ಕಳ್ಳದಾರಿಯ ಗುರುತು ಇದ್ದು ತೊಂದರೆಯೂ ಇದ್ದರೆ ಅಬ್ಲೇಷನ್ನೇ ಮೊದಲ ಮಾತು. ಗರ್ಭಧಾರಣೆಯ ಯೋಚನೆಯಲ್ಲಿರುವ ಎಸ್‌ವಿಟಿ ಪೀಡಿತ ಮಹಿಳೆಯರಿಗೂ ಅಬ್ಲೇಷನ್ ಮುಂಚಿತವಾಗಿ ಮುಗಿಸಿಕೊಳ್ಳುವುದು ಜಾಣತನ. ಬಸುರಿನಲ್ಲಿ ಓಟಗಳು ಹೆಚ್ಚಾಗುವುದುಂಟು, ಆಗ ಮಾತ್ರೆ ನುಂಗಲೂ ಅಂಜಿಕೆ, ಅಬ್ಲೇಷನ್ನಿಗೆ ಬಳಸುವ ಕ್ಷಕಿರಣಕ್ಕೂ ಅಂಜಿಕೆ.

ಹೃತ್ಕರ್ಣದಲ್ಲಿ ಒಂದೇ ವರ್ತುಲದಲ್ಲಿ ಸುತ್ತುವ ಸಾಮಾನ್ಯ ಬಗೆಯ ಏಟ್ರಿಯಲ್ ಫ್ಲಟರನ್ನೂ ಇದೇ ಸಾಲಿಗೆ ಸೇರಿಸಬಹುದು. ಮಾತ್ರೆಗೆ ಅದು ಜಗ್ಗುವುದು ಕಡಿಮೆ, ಅಬ್ಲೇಷನ್ನಿಗೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಲ ಮಣಿಯುತ್ತದೆ. ಆದರೆ ಫ್ಲಟರ್ ಹೋದ ಹಲವರಿಗೆ ಮುಂದೆ ಎಎಫ್ ಬರುತ್ತದೆ, ಹಾಗಾಗಿ ನಾಡಿ ನೋಡಿಕೊಳ್ಳುವುದನ್ನು ಬಿಡುವಂತಿಲ್ಲ.

ಎಎಫ್: ಎರಡು ಬೇರೆ ಬೇರೆ ಪ್ರಶ್ನೆಗಳು

ಎಎಫ್‌ನಲ್ಲಿ ಎಲ್ಲರೂ ಬಡಿತದ ಬಗ್ಗೆ ಮಾತಾಡುತ್ತಾರೆ, ಮೊದಲು ಮಾತಾಡಬೇಕಾದದ್ದು ರಕ್ತದ ಹೆಪ್ಪಿನ ಬಗ್ಗೆ. ಹೃತ್ಕರ್ಣ ಸಂಕುಚಿಸುವ ಬದಲು ಅದುರುತ್ತಿರುವುದರಿಂದ ಎಡ ಹೃತ್ಕರ್ಣಕ್ಕೆ ಅಂಟಿಕೊಂಡ ಕಿವಿಯಾಕಾರದ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಹೆಪ್ಪು ಮೆದುಳಿಗೆ ಹೋದರೆ ಲಕ್ವ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹೃದಯ ವೈಫಲ್ಯ, ಹಿಂದೆ ಲಕ್ವ ಹೊಡೆದಿರುವುದು ಮುಂತಾದವನ್ನು ಕೂಡಿಸಿ ಈ ಅಪಾಯಕ್ಕೆ ಅಂಕ ಹಾಕುತ್ತಾರೆ, ಅಂಕ ಹೆಚ್ಚಿದ್ದವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಅಬ್ಲೇಷನ್ ಮಾಡಿಸಿಕೊಂಡರೆ ಈ ಮಾತ್ರೆ ತಪ್ಪುತ್ತದೆ ಎಂಬ ನಿರೀಕ್ಷೆಯಿಂದ ಒಪ್ಪುವವರು ಬಹಳ ಜನ. ಆ ನಿರೀಕ್ಷೆಯೊಂದರ ಮೇಲೆಯೇ ತೀರ್ಮಾನ ನಿಂತಿದ್ದರೆ ಕೈಬಿಡುವುದು ಲೇಸು. ಚಿಕಿತ್ಸೆಯ ನಂತರ ಕನಿಷ್ಠ ಎರಡು ಮೂರು ತಿಂಗಳು ಎಲ್ಲರೂ ಅದನ್ನು ತೆಗೆದುಕೊಳ್ಳಲೇಬೇಕು, ಆಮೇಲೆ ಮುಂದುವರಿಸುವುದೋ ಬಿಡುವುದೋ ಎಂಬುದು ಅಂಕವನ್ನು ಅವಲಂಬಿಸಿದೆಯೇ ಹೊರತು ಬಡಿತ ಸರಿಹೋದದ್ದನ್ನಲ್ಲ ಎಂದೇ ಈವರೆಗಿನ ಮಾರ್ಗಸೂಚಿಗಳು ಹೇಳುತ್ತ ಬಂದಿವೆ.

ಎರಡನೆಯ ಪ್ರಶ್ನೆ ಬಡಿತದ್ದು, ಅದರಲ್ಲೂ ಕವಲುಗಳಿವೆ. ಎಎಫ್ ಇರಲಿ, ವೇಗ ಮಾತ್ರ ಹದದಲ್ಲಿರಲಿ ಎಂದು ಬೀಟಾ ಬ್ಲಾಕರ್ ಅಥವಾ ಡಿಗಾಕ್ಸಿನ್ ಕೊಡುವುದು ಒಂದು ದಾರಿ. ಲಯವನ್ನೇ ಮರಳಿ ತರಲು ಔಷಧಿ ಕೊಡುವುದು ಇನ್ನೊಂದು. 4060 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಫರ್ಮ್ ಅಧ್ಯಯನ ಈ ಎರಡರ ನಡುವೆ ಆಯುಷ್ಯದ ವ್ಯತ್ಯಾಸವನ್ನು ಕಾಣಲಿಲ್ಲ. ಹೀಗಾಗಿ ಎಂಬತ್ತು ದಾಟಿದ, ಎಎಫ್ ಇರುವುದೇ ಗೊತ್ತಾಗದೆ ಓಡಾಡಿಕೊಂಡಿರುವ ಹಿರಿಯರಿಗೆ ಮೊದಲ ದಾರಿ ಇಂದಿಗೂ ಸರಿಯಾದದ್ದೇ. ಲಯ ತರುವ ಔಷಧಿಗಳಲ್ಲಿ ನಮ್ಮಲ್ಲಿ ತುಂಬ ಬಳಕೆಯಲ್ಲಿರುವುದು ಅಮಿಯೊಡರೋನ್. ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಆದರೆ 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ, ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಥೈರಾಯ್ಡ್ ಏರುಪೇರಾಗುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಶ್ವಾಸಕೋಶ, ಯಕೃತ್ತು, ಕಣ್ಣು, ಬಿಸಿಲಿಗೆ ಒಡ್ಡಿದ ಚರ್ಮ, ಯಾವುದನ್ನೂ ಅದು ಬಿಟ್ಟಿಲ್ಲ. ನಿಲ್ಲಿಸಿದ ಮೇಲೂ ವಾರಗಳಲ್ಲ, ತಿಂಗಳುಗಟ್ಟಲೆ ದೇಹದಲ್ಲಿ ಉಳಿದಿರುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆಗೆ ಇದನ್ನು ಶುರುಮಾಡಿದರೆ ರಕ್ತ ಅಪಾಯಕಾರಿಯಾಗಿ ತೆಳುವಾಗಬಹುದು. ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ಹಳೆಯ ಚೀಟಿಯಲ್ಲೇ ಅಂಗಡಿಯಿಂದ ತಂದು ನುಂಗುವವರನ್ನು ನೋಡಿದಾಗ, ಅಬ್ಲೇಷನ್ನಿಗೆ ಹೆದರಿ ಅವರು ಇದಕ್ಕೆ ಹೆದರುತ್ತಿಲ್ಲವಲ್ಲ ಎನಿಸುತ್ತದೆ.

ಎಎಫ್‌ಗೆ ಅಬ್ಲೇಷನ್ ಬಂದದ್ದು 1998ರ ಒಂದು ಕಂಡುಹಿಡಿತದಿಂದ. ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಎಎಫ್ ಕಿಡಿ ಹೊತ್ತಿಸುವ ತಾಣಗಳಲ್ಲಿ ನೂರಕ್ಕೆ 94 ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಲ್ಕು ಅಭಿಧಮನಿಗಳ ಒಳಗಿವೆ ಎಂದು ತೋರಿಸಿದರು. ಕಿಡಿಯನ್ನು ಒಂದೊಂದಾಗಿ ಹುಡುಕುವ ಬದಲು ಆ ನಾಲ್ಕರ ಬಾಯಿಗೂ ಸುತ್ತ ಕಲೆಯ ಉಂಗುರ ಹಾಕಿ ಪ್ರತ್ಯೇಕಿಸುವುದೇ ಇಂದಿನ ವಿಧಾನ. ಉಂಗುರದಲ್ಲಿ ಒಂದು ಸಣ್ಣ ಸಂದು ಉಳಿದರೂ ಕಿಡಿ ಹೊರಬರುತ್ತದೆ; ಗೋಡೆಯೇ ಸವೆದಿದ್ದರೆ ಬೇರೆ ಕಡೆಯಿಂದಲೂ ಹೊತ್ತಿಕೊಳ್ಳುತ್ತದೆ. ಎಸ್‌ವಿಟಿಯ ಒಂದು ಚುಕ್ಕೆಯ ಕೆಲಸಕ್ಕೂ ಇದಕ್ಕೂ ಇರುವ ಅಂತರ ಇದೇ.

ಹಾಗಾದರೆ ಫಲವೆಷ್ಟು? ಬಂದು ಹೋಗುವ ಎಎಫ್‌ನ ಆರಂಭದಲ್ಲೇ ಔಷಧಿ ಮತ್ತು ಶೀತದ ಅಬ್ಲೇಷನ್ನನ್ನು ಹೋಲಿಸಿದ ಕೆನಡಾದ ಅರ್ಲಿ ಎಎಫ್ ಅಧ್ಯಯನದಲ್ಲಿ, ಎಲ್ಲರ ಚರ್ಮದಡಿ ರೆಕಾರ್ಡರ್ ಇಟ್ಟು ನೋಡಿದಾಗ, ಒಂದು ವರ್ಷದೊಳಗೆ ಮರುಕಳಿಸಿದ್ದು ಔಷಧಿ ಗುಂಪಿನ ನೂರಕ್ಕೆ 67.8 ಜನರಿಗೆ, ಅಬ್ಲೇಷನ್ ಗುಂಪಿನ 42.9 ಜನರಿಗೆ. ಈ ಎರಡನೆಯ ಅಂಕಿಯನ್ನು ನೋಡಿ ನಿರಾಶರಾಗಬಾರದು, ಅರ್ಧ ನಿಮಿಷದ ಎಎಫ್ ಕೂಡ ಅದರಲ್ಲಿ ಲೆಕ್ಕಕ್ಕೆ ಬಂದಿದೆ; ಮೈಗೆ ಗೊತ್ತಾಗುವಂತೆ ಮರಳಿದ್ದು ಅಬ್ಲೇಷನ್ ಗುಂಪಿನಲ್ಲಿ ನೂರಕ್ಕೆ 11 ಜನರಿಗೆ, ಔಷಧಿ ಗುಂಪಿನಲ್ಲಿ 26 ಜನರಿಗೆ. ಮೂರು ವರ್ಷದ ಹೊತ್ತಿಗೆ ಎಎಫ್ ಬಿಡದೆ ಕೂತುಬಿಡುವ ಹಂತಕ್ಕೆ ಜಾರಿದವರು ಅಬ್ಲೇಷನ್ ಗುಂಪಿನಲ್ಲಿ ನೂರಕ್ಕೆ 1.9, ಔಷಧಿ ಗುಂಪಿನಲ್ಲಿ 7.4. ಆಯುಷ್ಯದ ಮಾತು ಬೇರೆ. 2204 ಜನರ ಕಬಾನಾ ಅಧ್ಯಯನ 2019ರಲ್ಲಿ ಹೇಳಿದ್ದೇನೆಂದರೆ, ಸಾವು, ಲಕ್ವ, ರಕ್ತಸ್ರಾವ, ಹೃದಯಸ್ತಂಭನಗಳನ್ನು ಒಟ್ಟುಗೂಡಿಸಿ ನೋಡಿದರೆ ಅಬ್ಲೇಷನ್ ಔಷಧಿಗಿಂತ ಖಚಿತವಾಗಿ ಮೇಲೆಂದು ಹೇಳುವಂತಿಲ್ಲ. ಬದುಕಿನ ನೆಮ್ಮದಿ ಮಾತ್ರ ಸ್ಪಷ್ಟವಾಗಿ ಹೆಚ್ಚಿತು. ಔಷಧಿ ಗುಂಪಿನ ಕಾಲು ಭಾಗಕ್ಕಿಂತ ಹೆಚ್ಚು ಜನ ನಡುವೆ ಅಬ್ಲೇಷನ್ ಮಾಡಿಸಿಕೊಂಡದ್ದರಿಂದ ಈ ಫಲಿತಾಂಶವನ್ನು ತಜ್ಞರು ಇನ್ನೂ ಚರ್ಚಿಸುತ್ತಾರೆ. ಆದರೆ ಹೃದಯ ದುರ್ಬಲವಾಗಿ ಪಂಪಿಂಗ್ ಪ್ರಮಾಣ (ಎಜೆಕ್ಷನ್ ಫ್ರಾಕ್ಷನ್) ನೂರಕ್ಕೆ 35ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವರ ಮೇಲೆ ನಡೆದ ಕಾಸಲ್ ಎಎಫ್ ಅಧ್ಯಯನದಲ್ಲಿ ಸಾವು ಅಥವಾ ಹೃದಯ ವೈಫಲ್ಯ ಹೆಚ್ಚಾಗಿ ಆಸ್ಪತ್ರೆ ಸೇರುವುದು ಔಷಧಿ ಗುಂಪಿನಲ್ಲಿ ನೂರಕ್ಕೆ 44.6 ಇದ್ದರೆ ಅಬ್ಲೇಷನ್ ಗುಂಪಿನಲ್ಲಿ 28.5 ಇತ್ತು. ಅಂದರೆ ಹೃದಯ ಬಲವಾಗಿದ್ದವರು ನೆಮ್ಮದಿಗಾಗಿ ಅಬ್ಲೇಷನ್ ಆರಿಸಿಕೊಳ್ಳುತ್ತಾರೆ, ದುರ್ಬಲವಾಗಿದ್ದವರಿಗೆ ಅದು ಆಯುಷ್ಯದ ಪ್ರಶ್ನೆಯೂ ಆಗಬಹುದು.

ಕರ್ನಾಟಕದ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ಮೇಲಿನ ಅಧ್ಯಯನಗಳ ರೋಗಿಗಳಲ್ಲಿ ಹೆಚ್ಚಿನವರು ಪಾಶ್ಚಾತ್ಯರು, ಅವರ ಎಎಫ್ ವಯಸ್ಸು, ಬಿಪಿ, ಬೊಜ್ಜಿನಿಂದ ಬಂದದ್ದು. ನಮ್ಮ ಹಳ್ಳಿಗಳಲ್ಲಿ ಬಾಲ್ಯದ ಕೀಲುವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ, ಮೂವತ್ತು ನಲವತ್ತಕ್ಕೇ ಎಎಫ್ ಬಂದವರು ಇನ್ನೂ ಇದ್ದಾರೆ. ಅವರಿಗೆ ಮೊದಲು ಕವಾಟದ ಚಿಕಿತ್ಸೆ. ಕವಾಟ ಕಿರಿದಾಗಿಯೇ ಇದ್ದು ಹೃತ್ಕರ್ಣ ಊದಿಕೊಂಡಿರುವಾಗ ಕ್ಯಾಥೆಟರ್ ಅಬ್ಲೇಷನ್ನಿನಿಂದ ಹೆಚ್ಚು ಬಯಸುವಂತಿಲ್ಲ. ಹೇಗೂ ಕವಾಟಕ್ಕಾಗಿ ಎದೆ ತೆರೆಯುವುದಾದರೆ, ಶಸ್ತ್ರವೈದ್ಯ ಜೇಮ್ಸ್ ಕಾಕ್ಸ್ 1987ರಲ್ಲಿ ಆರಂಭಿಸಿದ, ಹೃತ್ಕರ್ಣದಲ್ಲಿ ಕಲೆಯ ಗೆರೆಗಳನ್ನು ಮೂಡಿಸಿ ಎಎಫ್ ತಡೆಯುವ ಮೇಜ್ ಎಂಬ ಶಸ್ತ್ರಚಿಕಿತ್ಸೆಯನ್ನೂ ಜೊತೆಗೇ ಮಾಡಬಹುದೇ ಎಂದು ಕೇಳಬೇಕು. ರಕ್ತ ತೆಳುವಾಗಿಸಲು ಇಂಥವರಿಗೆ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ ಬಗೆಯವೇ ಮೇಲೆಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಆ ಮಾತ್ರೆಯಲ್ಲಿರುವವರು ಸೊಪ್ಪಿನ ಸಾರು, ಬಸ್ಸಾರು ಬಿಡಬೇಕಿಲ್ಲ. ವಾರದಿಂದ ವಾರಕ್ಕೆ ಸೊಪ್ಪಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇರಲಿ, ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಪಿಟಿ ಐಎನ್‌ಆರ್ ಪರೀಕ್ಷೆ ತಪ್ಪದಿರಲಿ.

ಬಿಸಿ, ಶೀತ, ವಿದ್ಯುತ್ ಮಿಡಿತ

ಎಎಫ್ ಅಬ್ಲೇಷನ್ನಿಗೆ ಒಪ್ಪಿದ ಮೇಲೆ ಎದುರಾಗುವ ಇನ್ನೊಂದು ಆಯ್ಕೆ ವಿಧಾನದ್ದು, ಇದರ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ರೇಡಿಯೋ ತರಂಗದಿಂದ ಚುಕ್ಕೆ ಚುಕ್ಕೆಯಾಗಿ ಸುಡುವುದು ಹಳೆಯದು, ಎಲ್ಲ ಬಗೆಯ ತಾಳದೋಷಕ್ಕೂ ಸಲ್ಲುವುದು. ಕ್ರಯೋ ಬಲೂನ್ ಅಭಿಧಮನಿಯ ಬಾಯಿಗೆ ಕೂತು ಇಡೀ ಉಂಗುರವನ್ನು ಒಟ್ಟಿಗೇ ಹೆಪ್ಪುಗಟ್ಟಿಸುತ್ತದೆ, ಕೆಲಸ ಬೇಗ ಮುಗಿಯುತ್ತದೆ. 2016ರ ಫೈರ್ ಆಂಡ್ ಐಸ್ ಅಧ್ಯಯನದಲ್ಲಿ ಎರಡೂ ಸರಿಸಮ ನಿಂತವು. ಎರಡರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಮೊದಲ ವರ್ಷದಲ್ಲೇ ಎಎಫ್ ಮರಳಿತು ಅಥವಾ ಔಷಧಿಯೋ ಮರುಚಿಕಿತ್ಸೆಯೋ ಬೇಕಾಯಿತು. ಬಲೂನಿನ ವಿಶೇಷ ಅಪಾಯವೆಂದರೆ ಉಸಿರಾಟದ ಸ್ನಾಯುವಾದ ವಪೆಯನ್ನು ಆಡಿಸುವ ನರಕ್ಕೆ ಶೀತ ತಗಲುವುದು, ಹೆಚ್ಚಿನವರಲ್ಲಿ ಅದು ತಾನೇ ಸರಿಹೋಗುತ್ತದೆ.

ಮೂರನೆಯದಾದ ಪಲ್ಸ್ಡ್ ಫೀಲ್ಡ್ ಅಬ್ಲೇಷನ್ ಅಮೆರಿಕದಲ್ಲಿ 2023ರ ಕೊನೆಗೆ ಮಂಜೂರಾಗಿ, ಈಗ ಭಾರತದ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಿಗೂ ಬಂದಿದೆ. ಕ್ಷಣಾಂಶದ ಬಲವಾದ ವಿದ್ಯುತ್ ಮಿಡಿತಗಳು ಕೋಶಗಳ ಪೊರೆಯಲ್ಲಿ ರಂಧ್ರ ಕೊರೆದು ಸಾಯಿಸುತ್ತವೆ. ಹೃದಯದ ಸ್ನಾಯು ಇದಕ್ಕೆ ಬೇಗ ಸೋಲುತ್ತದೆ, ಹಿಂದೆಯೇ ಇರುವ ಅನ್ನನಾಳ ತಡೆದುಕೊಳ್ಳುತ್ತದೆ. 17,642 ರೋಗಿಗಳ ದಾಖಲೆಯೊಂದರಲ್ಲಿ ಅನ್ನನಾಳಕ್ಕೂ ಹೃದಯಕ್ಕೂ ರಂಧ್ರ ಬಿದ್ದ ಒಂದು ಪ್ರಕರಣವೂ ಕಾಣಲಿಲ್ಲ. ಎಎಫ್ ಹತೋಟಿಯಲ್ಲಿ ಮಾತ್ರ 2023ರ ಅಡ್ವೆಂಟ್ ಅಧ್ಯಯನ ಇದನ್ನು ಹಳೆಯ ವಿಧಾನಗಳಿಗೆ ಸಮನೆಂದಿತೇ ಹೊರತು ಮೇಲೆಂದು ಹೇಳಲಿಲ್ಲ. ರಕ್ತಕಣ ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುವುದು, ಹೃದಯದ ರಕ್ತನಾಳ ಹಿಡಿದುಕೊಳ್ಳುವುದು ಇದರದೇ ಆದ ತೊಡಕುಗಳು. ಹಣ ಅಡ್ಡಿಯಿಲ್ಲದಿದ್ದರೆ, ಬಳಸಿ ಪಳಗಿದ ವೈದ್ಯರಿದ್ದರೆ, ನಾನು ಇದನ್ನು ಆರಿಸಿಕೊಳ್ಳುವೆ; ಆದರೆ ಮನೆ ಅಡವಿಟ್ಟು ಹೊಸ ಯಂತ್ರದ ಬೆನ್ನು ಹತ್ತುವುದಕ್ಕಿಂತ, ನೂರಾರು ಸಲ ಹಳೆಯ ವಿಧಾನದಲ್ಲಿ ಮಾಡಿದ ಕೈಯನ್ನು ನಂಬುವುದು ವಿವೇಕ.

ವಿಧಾನ ಯಾವುದೇ ಇರಲಿ, ಎಡ ಹೃತ್ಕರ್ಣಕ್ಕೆ ಹೋಗಲು ನಡುವಣ ಗೋಡೆಯನ್ನು ಚುಚ್ಚಲೇಬೇಕು. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿಕೊಳ್ಳುವುದು ಅನುಭವಿ ಕೇಂದ್ರಗಳಲ್ಲೂ ನೂರರಲ್ಲಿ ಒಬ್ಬರ ಆಸುಪಾಸು, ಲಕ್ವ ಅದಕ್ಕಿಂತ ಕಡಿಮೆ, ತೊಡೆಸಂದಿನ ರಕ್ತಸ್ರಾವ ಇವೆಲ್ಲಕ್ಕಿಂತ ಸಾಮಾನ್ಯ. ಹೃದಯಕ್ಕೆ ತಂತಿ ಹಾಯಿಸದ ಚಿಕಿತ್ಸೆಯೊಂದನ್ನೂ ತಕ್ಕಡಿಗೆ ಹಾಕಬೇಕು: ತೂಕ ಇಳಿಸುವುದು, ಗೊರಕೆಯ ಹಿಂದಿನ ಉಸಿರುಕಟ್ಟಿಗೆ ಚಿಕಿತ್ಸೆ, ಕುಡಿತ ಬಿಡುವುದು. ನಿಯಮಿತವಾಗಿ ಕುಡಿಯುತ್ತಿದ್ದ 140 ಎಎಫ್ ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲಿ, ಬಿಟ್ಟವರಲ್ಲಿ ನೂರಕ್ಕೆ 53 ಜನರಿಗೆ ಎಎಫ್ ಮರಳಿತು, ಮುಂದುವರಿಸಿದವರಲ್ಲಿ 73 ಜನರಿಗೆ.

ಉಳಿದ ಸಂದರ್ಭಗಳನ್ನು ಬೇಗ ಹೇಳಿಬಿಡಬಹುದು. ಮಾತ್ರೆಗೂ ಅಬ್ಲೇಷನ್ನಿಗೂ ಎಎಫ್ ಬಗ್ಗದ ಹಿರಿಯರಿಗೆ ಪೇಸ್‌ಮೇಕರ್ ಇಟ್ಟು ಎವಿ ನೋಡನ್ನೇ ಸುಡುವ ದಾರಿಯಿದೆ. ಬಡಿತ ಗಡಿಯಾರದಂತೆ ಸಮವಾಗುತ್ತದೆ, ಆದರೆ ಎಎಫ್ ಒಳಗೇ ಉಳಿದಿರುತ್ತದೆ, ರಕ್ತ ತೆಳುವಾಗಿಸುವ ಮಾತ್ರೆಯೂ ಉಳಿಯುತ್ತದೆ, ಮತ್ತು ಇದನ್ನು ಹಿಂದಕ್ಕೆ ತಿರುಗಿಸಲಾಗದು. ಹೃದಯಾಘಾತದ ಕಲೆಯಿಂದ ಕೆಳಗಿನ ಕೋಣೆಯಲ್ಲಿ ಏಳುವ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾದಲ್ಲಿ ಅಬ್ಲೇಷನ್ ಎಂದಿಗೂ ಐಸಿಡಿಗೆ, ಅಂದರೆ ಅಪಾಯದ ಬಡಿತವನ್ನು ಶಾಕ್ ಕೊಟ್ಟು ನಿಲ್ಲಿಸಲು ದೇಹದೊಳಗೆ ಇಡುವ ಯಂತ್ರಕ್ಕೆ, ಬದಲಿಯಲ್ಲ. ಯಂತ್ರ ಮತ್ತೆ ಮತ್ತೆ ಶಾಕ್ ಕೊಡುವುದನ್ನು ಕಡಿಮೆ ಮಾಡುವ ಜೊತೆಗಾರ ಅಷ್ಟೇ. ನಡುನಡುವೆ ಒಂದು ಬಡಿತ ತಪ್ಪಿದಂತಾಗುವ ಒಂಟಿ ಅಕಾಲಿಕ ಬಡಿತಗಳಿಗೆ, ಎಕೋ ಸರಿಯಿದ್ದು ಸಂಖ್ಯೆ ಕಡಿಮೆಯಿದ್ದರೆ, ಏನೂ ಬೇಕಿಲ್ಲ. ದಿನದ ಬಡಿತಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅವೇ ಆಗಿದ್ದರೆ ಹೃದಯದ ಪಂಪಿಂಗ್ ಮೇಲೆ ಕಣ್ಣಿಡಬೇಕು.

ಎಲ್ಲಿ, ಯಾರಿಂದ, ಎಷ್ಟಕ್ಕೆ

ಸಾಮಾನ್ಯ ಹೃದ್ರೋಗ ತಜ್ಞರು ಸ್ಟೆಂಟ್ ಹಾಕುತ್ತಾರೆ, ಅಬ್ಲೇಷನ್ ಮಾಡುವವರು ಎಲೆಕ್ಟ್ರೋಫಿಸಿಯಾಲಜಿ ಎಂಬ ವಿದ್ಯುತ್ ವಿಭಾಗದಲ್ಲಿ ತರಬೇತಾದವರು. ನಮ್ಮ ರಾಜ್ಯದಲ್ಲಿ ಅವರ ಸಂಖ್ಯೆ ಕಡಿಮೆ, ಇರುವವರಲ್ಲಿ ಬಹುಪಾಲು ಬೆಂಗಳೂರಿನಲ್ಲಿ. ಸರ್ಕಾರಿ ಸ್ವಾಯತ್ತ ಸಂಸ್ಥೆಯಾದ ಜಯದೇವದಲ್ಲಿ ಈ ವಿಭಾಗವಿದೆ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಇದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮ್ಮ ಬಗೆಯ ಅಬ್ಲೇಷನ್ ಯಾವ ಪ್ಯಾಕೇಜಿಗೆ ಸೇರುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ ಬರೆಸಿಕೊಳ್ಳಬೇಕು, ಏಕೆಂದರೆ ಎಸ್‌ವಿಟಿಯ ಸರಳ ಅಬ್ಲೇಷನ್ನಿಗೂ ತ್ರಿಡಿ ನಕ್ಷೆ ಬಳಸುವ ಎಎಫ್ ಅಬ್ಲೇಷನ್ನಿಗೂ ಖರ್ಚಿನಲ್ಲಿ ಹಲವು ಪಟ್ಟು ವ್ಯತ್ಯಾಸವಿದೆ.

ವೈದ್ಯರ ಬಳಿ ಕೇಳಲು ಸಂಕೋಚವಾಗುವ, ಆದರೆ ಕೇಳಲೇಬೇಕಾದ ಮಾತುಗಳು ಕೆಲವಿವೆ. ನನ್ನ ತಾಳದೋಷದ ಹೆಸರೇನು, ಇಂಥದ್ದನ್ನು ನೀವು ಕಳೆದ ವರ್ಷ ಎಷ್ಟು ಮಾಡಿದ್ದೀರಿ? ಒಳಗೆ ರಕ್ತ ತುಂಬಿಕೊಂಡರೆ ಇಲ್ಲೇ ಶಸ್ತ್ರಚಿಕಿತ್ಸಕರಿದ್ದಾರೆಯೇ? ಮರುಕಳಿಸಿದರೆ ಎರಡನೆಯ ಸಲದ ಖರ್ಚು ಯಾರದ್ದು? ಕ್ಯಾಥೆಟರ್ ಹೊಸದೋ, ಶುದ್ಧೀಕರಿಸಿ ಮರುಬಳಸಿದ್ದೋ? ದುಬಾರಿ ಕ್ಯಾಥೆಟರುಗಳನ್ನು ಹೀಗೆ ಮರುಬಳಸುವುದು ನಮ್ಮ ದೇಶದಲ್ಲಿ ರೂಢಿಯಲ್ಲಿದೆ, ಅದರಿಂದಲೇ ಬಡವರಿಗೂ ಚಿಕಿತ್ಸೆ ಎಟುಕುತ್ತದೆ. ನನ್ನ ತಕರಾರು ಮರುಬಳಕೆಯ ಬಗ್ಗೆ ಅಲ್ಲ, ಹೊಸದರ ಬಿಲ್ ಹಾಕಿ ಹಳೆಯದನ್ನು ಬಳಸುವ ಸಾಧ್ಯತೆಯ ಬಗ್ಗೆ.

ಮನೆಗೆ ಬಂದ ಮೇಲೆ

ಎಸ್‌ವಿಟಿಯವರು ವಾರದೊಳಗೆ ಕೆಲಸಕ್ಕೆ ಮರಳುತ್ತಾರೆ. ತೊಡೆಸಂದಿನ ಗಾಯ ಮಾಗುವವರೆಗೆ ಭಾರ ಎತ್ತಬಾರದು, ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದನ್ನೂ ಕೆಲವು ದಿನ ಬಿಡಬೇಕು. ಎಎಫ್‌ನವರಿಗೆ ಮೊದಲ ಎರಡು ಮೂರು ತಿಂಗಳು ಬಡಿತ ಅಲ್ಲಲ್ಲಿ ತಪ್ಪಿದರೆ ಸೋಲೆಂದು ತಿಳಿಯಬೇಕಿಲ್ಲ, ಸುಟ್ಟ ಜಾಗದ ಊತ ಇಳಿಯುವವರೆಗೆ ಅದು ಹಾಗೆಯೇ.

ಒಂದನ್ನು ಮಾತ್ರ ಬಿಡುಗಡೆಯ ಚೀಟಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು. ಶಾಖ ಅಥವಾ ಶೀತದಿಂದ ಎಎಫ್ ಅಬ್ಲೇಷನ್ ಆದವರಲ್ಲಿ ತೀರ ಅಪರೂಪಕ್ಕೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಸುಮಾರಿಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಅನ್ನನಾಳಕ್ಕೂ ಹೃತ್ಕರ್ಣಕ್ಕೂ ನಡುವೆ ರಂಧ್ರ ಬೀಳುತ್ತದೆ, ಬೇಗ ಗುರುತಿಸದಿದ್ದರೆ ಜೀವ ಉಳಿಯುವುದು ಕಷ್ಟ. ಆಗ ಬರುವ ಜ್ವರವನ್ನು ವೈರಲ್ ಎಂದೂ, ನುಂಗುವಾಗಿನ ಎದೆನೋವನ್ನು ಆಸಿಡಿಟಿ ಎಂದೂ ತಿಳಿದು ಹತ್ತಿರದ ಕ್ಲಿನಿಕ್ಕಿಗೆ ಹೋಗುವುದು ಸಹಜ, ಅಲ್ಲಿ ಎಂಡೋಸ್ಕೋಪಿಗೆ ಬರೆದುಕೊಡುವುದೂ ಸಹಜ. ಎಂಡೋಸ್ಕೋಪಿಯಲ್ಲಿ ಊದುವ ಗಾಳಿ ಆ ರಂಧ್ರದ ಮೂಲಕ ಹೃದಯ ಸೇರಿ ಮೆದುಳಿಗೆ ಹೋಗಬಹುದು. ಆದ್ದರಿಂದ ಅಬ್ಲೇಷನ್ ಆದ ಎರಡು ತಿಂಗಳೊಳಗೆ ಜ್ವರ, ನುಂಗಲು ನೋವು, ಕೈಕಾಲು ಸೋಲು ಯಾವುದು ಕಂಡರೂ ಮೊದಲು ಅಬ್ಲೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ, ಎದೆಯ ಸಿಟಿ ಸ್ಕ್ಯಾನ್ ಆಗುವವರೆಗೆ ಎಂಡೋಸ್ಕೋಪಿಗೆ ಒಪ್ಪಬಾರದು. ಮನೆಯಲ್ಲಿ ಜೊತೆಗಿರುವವರಿಗೂ ಇದು ಗೊತ್ತಿರಬೇಕು, ಏಕೆಂದರೆ ಆ ಹೊತ್ತಿಗೆ ರೋಗಿ ತಾನೇ ಹೇಳುವ ಸ್ಥಿತಿಯಲ್ಲಿ ಇರದೆ ಹೋಗಬಹುದು.